ಕಮೋಡಿನ ಪಕ್ಕದ ನೀರು

ಜೂನ್ ೨೦

ಗುಂಡಿಗೆ ಅಕ್ಕನ ಆಶೀರ್ವಾದ.

ಮೊನ್ನೆ ಫೋನಿನಲ್ಲಿ ನೀನು ಅಷ್ಟು ಹೊತ್ತು ಏನೇನೋ ಹೇಳಿದೆ. ನಾನು "ಹೂಂ, ಹೂಂ" ಅಂದೆ. ಒಂದಕ್ಷರವೂ ಕೇಳಿಸಲಿಲ್ಲ ಕಣೇ. ಜೀವಮಾನವೆಲ್ಲ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಕಂಡಕಂಡವರ ಮಾತನ್ನು ಕಂಡಕಂಡವರಿಗೆ ಮುಟ್ಟಿಸಿದವಳು ನಾನು. ಈಗ ಒಡಹುಟ್ಟಿದವಳ ದನಿ ನನ್ನ ಕಿವಿಗೆ ಬರೀ ಗುಂಯ್ ಅನ್ನುವ ಸದ್ದು. ಯಂತ್ರ ಹಾಕಿಕೊಂಡರೆ ರಸ್ತೆಯ ಲಾರಿ ಕೇಳಿಸುತ್ತದೆ, ಎದುರಿಗೆ ಕೂತ ಮನುಷ್ಯ ಕೇಳಿಸುವುದಿಲ್ಲ. ಮೊಬೈಲಿನ ಅಕ್ಷರ ಇರುವೆ ಹರಿದಾಡಿದಂತೆ ಕಾಣುತ್ತದೆ. ಅದಕ್ಕೇ ಇನ್ನು ಮೇಲೆ ಕಾಗದವೇ ಸರಿ. ನೀನೂ ಬರಿ, ದೊಡ್ಡಕ್ಷರದಲ್ಲಿ ಬರಿ. ನಿನ್ನ ಕೈಬರಹ ಕಾಜಾ ಹೊಲಿದ ಹಾಗಿರುತ್ತದೆ, ಬಿಡಿಸಿ ಓದುವಷ್ಟರಲ್ಲಿ ಕಾಫಿ ಆರಿಹೋಗುತ್ತದೆ.

ಸುದ್ದಿ ಏನೆಂದರೆ, ಹೋದ ತಿಂಗಳು ಕೈಯಲ್ಲಿದ್ದ ಲೋಟ ತಾನಾಗಿಯೇ ಜಾರಿ ಬಿತ್ತು. ಬಲಗೈ ಸ್ವಲ್ಪ ಹೊತ್ತು ನನ್ನದಲ್ಲವೇನೋ ಎಂಬಂತೆ ಜೋತುಕೊಂಡಿತ್ತು, ಆಮೇಲೆ ಸರಿಯಾಯಿತು. ಮತ್ತೊಮ್ಮೆ ಹಾಗೇ ಆದಾಗ ಕೆಳಗಿನ ಕನ್ನಡಕದಂಗಡಿಯವಳು ಬಿಡದೆ ಆಸ್ಪತ್ರೆಗೆ ಎಳೆದುಕೊಂಡು ಹೋದಳು. ಕುತ್ತಿಗೆಯಲ್ಲಿ ತಲೆಗೆ ರಕ್ತ ಹೋಗುವ ನಾಳವೊಂದು ಕಿರಿದಾಗಿದೆಯಂತೆ. ಅದನ್ನು ಬಿಡಿಸಿ ತೊಳೆಯಬೇಕಂತೆ. ಸಣ್ಣ ಕೆಲಸ. ಗಾಬರಿ ಬೇಡ.

ಆದರೆ ಡಾಕ್ಟರು ಹೇಳುವುದು ನನಗೆ ಕೇಳಿಸುವುದಿಲ್ಲ. ಬರೆದುಕೊಡುತ್ತಾರೆ, ಅವರ ಅಕ್ಷರ ನಿನ್ನದಕ್ಕಿಂತ ಕಡೆ. ಮನೆಯವರು ಒಬ್ಬರು ಜೊತೆಗಿರಲೇಬೇಕು ಅನ್ನುತ್ತಾರೆ. ನನಗೆ ಮನೆಯವರು ಅಂದರೆ ನೀನು. ಬಂದು ಒಂದಷ್ಟು ದಿನ ನನ್ನ ಕಿವಿಯಾಗಿ ಇದ್ದು ಹೋಗುತ್ತೀಯಾ?

ನಿನ್ನ
ಅಕ್ಕ


ಜೂನ್ ೨೯

ಅಕ್ಕನಿಗೆ ನಮಸ್ಕಾರ.

ಇದೂ ಒಂದು ಕೇಳುವ ಮಾತಾ? ದಿನ ಗೊತ್ತುಮಾಡಿ ತಿಳಿಸು, ಹೊರಟುಬಿಡುತ್ತೇನೆ. ಇಲ್ಲಿ ನಾನಿಲ್ಲದಿದ್ದರೆ ಯಾವ ಕೆಲಸವೂ ನಿಲ್ಲುವುದಿಲ್ಲ. ಮಗ ಬೆಳಿಗ್ಗೆ ಲಿಫ್ಟ್ ರಿಪೇರಿಗೆ ಹೋದರೆ ಸಂಜೆಯೇ ಬರುವುದು. ಸೊಸೆ ಹಲ್ಲಿನ ಡಾಕ್ಟರ ಕ್ಲಿನಿಕ್ಕಿಗೆ ಹೋಗುತ್ತಾಳೆ. ಇಡೀ ಹಗಲು ನಾನು, ನನ್ನ ಹೊಲಿಗೆ ಯಂತ್ರ, ಕಿಟಕಿ.

ಹೊಸ ಮನೆ ಚೆನ್ನಾಗಿದೆ. ಸೊಸೆ ಬಚ್ಚಲುಮನೆಗೆ ಮರದ ಬಣ್ಣದ ಹೊಸ ನೆಲಹಾಸು ಹಾಕಿಸಿದ್ದಾಳೆ. ಸ್ನಾನ ಪರದೆಯ ಆಚೆ, ಕಮೋಡು ಈಚೆ. ಈಚೆ ಕಡೆ ಒಂದು ಹನಿಯೂ ಬೀಳಬಾರದು ಎಂಬುದು ಈ ಮನೆಯ ಕಾನೂನು. ನನಗೆ ನೀರು ಎರಚಾಡಿ ಸ್ನಾನ ಮಾಡಿದರೇ ಮೈ ಹಗುರಾಗುವುದು, ನಿನಗೆ ಗೊತ್ತಲ್ಲ. ಈಗ ಕಳ್ಳಿಯ ಹಾಗೆ ಮೂಲೆಯಲ್ಲಿ ನಿಂತು ಸ್ನಾನ ಮಾಡುತ್ತೇನೆ.

ಲೋಟ ಬಿದ್ದದ್ದನ್ನು ಸಣ್ಣದು ಅನ್ನಬೇಡ. ನಾನು ಬರುತ್ತೇನೆ.

ನಿನ್ನ ತಂಗಿ
ಗುಂಡಿ


ಜುಲೈ ೮

ಗುಂಡಿಗೆ,

ಈ ತಿಂಗಳ ಕೊನೆಯ ವಾರಕ್ಕೆ ದಿನ ಕೊಟ್ಟಿದ್ದಾರೆ. ನಿನಗಾಗಿ ಒಳಕೋಣೆಯ ಮಂಚ ಖಾಲಿ ಮಾಡಿಸಿದೆ. ಅದರ ಮೇಲೆ ಎಷ್ಟು ವರ್ಷದ ಹಳೇ ಪತ್ರಿಕೆ ಇದ್ದವೋ! ಕನ್ನಡಕದವಳು ಹೊತ್ತು ಹೊತ್ತು ಸುಸ್ತಾದಳು. ಹಾಸಿಗೆ ಬಿಸಿಲಿಗೆ ಹಾಕಿದ್ದೇನೆ. ಆಸ್ಪತ್ರೆಯಲ್ಲಿ ಜೊತೆಗಿರುವವರಿಗೆ ಒಂದು ಉದ್ದನೆಯ ಬೆಂಚು ಕೊಡುತ್ತಾರಂತೆ, ಅದಕ್ಕೊಂದು ದಿಂಬು ತಗೊಂಡು ಬಾ.

ಬರುವಾಗ ಬೇರೆ ಏನೂ ತರಬೇಡ. ನೀನು ಬಾ ಅಷ್ಟೆ.

ಅಕ್ಕ


ಜುಲೈ ೨೨

ಅಕ್ಕನಿಗೆ ನಮಸ್ಕಾರ.

ಬರೆಯಲು ತಡವಾಯಿತು. ನನಗೆ ಮೊಣಕಾಲು ಬಹಳ ನೋವು. ರೈಲಿನಲ್ಲಿ ಅಷ್ಟು ಹೊತ್ತು ಕೂರಲು ಆಗುತ್ತದೋ ಇಲ್ಲವೋ. ಜೊತೆಗೆ ಮಗನಿಗೂ ಈಗ ಕೆಲಸ ಜಾಸ್ತಿ, ಕರೆತಂದು ಬಿಡಲು ರಜೆ ಇಲ್ಲ. ಮನೆಯಲ್ಲೂ ಸ್ವಲ್ಪ ಕೆಲಸವಿದೆ.

ಕನ್ನಡಕದವಳು ನಿನ್ನ ಜೊತೆ ಇರಬಹುದಲ್ಲ? ನಿನ್ನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದವಳೂ ಅವಳೇ ತಾನೇ. ನಾನು ಆಮೇಲೆ ಬರುತ್ತೇನೆ.

ತಪ್ಪು ತಿಳಿಯಬೇಡ.

ತಂಗಿ


ಆಗಸ್ಟ್ ೩

ಗುಂಡಿಗೆ,

ನಿನ್ನ ಕಾಗದವನ್ನು ಮತ್ತೆ ಮತ್ತೆ ಓದಿದೆ. ಅದರಲ್ಲಿ ನೀನು ಎಲ್ಲಿಯೂ ಸಿಗಲಿಲ್ಲ.

ಆಪರೇಷನ್ ಮುಂದಕ್ಕೆ ಹಾಕಿಸಿದೆ. ಡಾಕ್ಟರು ಮುಖ ಸಿಂಡರಿಸಿಕೊಂಡರು, ಏನೋ ಜೋರಾಗಿ ಹೇಳಿದರು. ನಾನು "ಹೂಂ" ಅಂದು ಬಂದೆ. ಕನ್ನಡಕದವಳು "ನಾನೇ ಇರ್ತೀನಿ ದೊಡ್ಡಮ್ಮ, ಅಂಗಡಿ ಮುಚ್ಚಿದ್ರೆ ಏನಾಗುತ್ತೆ" ಅಂತ ಚೀಟಿಯಲ್ಲಿ ಬರೆದು ತೋರಿಸಿದಳು. ನಾನೇ ಬೇಡ ಅಂದೆ. ಹಟ ಅಂದುಕೋ. ಕುತ್ತಿಗೆ ಕೊಯ್ಯಿಸಿಕೊಂಡು ಕಣ್ಣು ಬಿಟ್ಟಾಗ ಎದುರಿಗೆ ನಮ್ಮಮ್ಮನ ಮೂಗು ಇರುವವಳು ಇರಬೇಕು ಅಂತ ಆಸೆ. ಆ ಮೂಗು ಈ ಭೂಮಿಯ ಮೇಲೆ ಈಗ ನಿನ್ನೊಬ್ಬಳಿಗೇ ಇರುವುದು.

ಮೊಣಕಾಲು ನೋವಿದ್ದರೆ ನೀನು ಅದನ್ನು ಎರಡು ಪುಟ ಬರೆಯುವವಳು. ಒಂದು ಸಾಲಿನಲ್ಲಿ ಮುಗಿಸಿದ್ದೀಯ. ಯಾರಾದರೂ ಏನಾದರೂ ಅಂದರಾ? ನಾನೇ ಏನಾದರೂ ಅಂದೆನಾ? ಹೋದ ಸಲ ಬಂದಾಗ ನಿನ್ನ ಅಡುಗೆಗೆ ಉಪ್ಪು ಸಾಲದು ಅಂದಿದ್ದಕ್ಕೆ ಇನ್ನೂ ಮುನಿಸಾ?

ನಿಜ ಬರಿ. ಬರಲು ಇಷ್ಟವಿಲ್ಲದಿದ್ದರೆ ಅದನ್ನೇ ಬರಿ. ಸಹಿಸಿಕೊಳ್ಳುತ್ತೇನೆ.

ಅಕ್ಕ


ಆಗಸ್ಟ್ ೧೧

ಅಕ್ಕಾ,

ಬರೆಯುತ್ತೇನೆ. ಓದಿ ಹರಿದುಹಾಕು, ಕನ್ನಡಕದವಳಿಗೂ ತೋರಿಸಬೇಡ.

ಬೆಳಿಗ್ಗೆ ಇವರಿಬ್ಬರೂ ಬಿಸಿನೀರಿನ ಸ್ನಾನ ಮುಗಿಸಿ ಹೊರಡುತ್ತಾರೆ. ಆಮೇಲೆ ಮನೆಯಲ್ಲಿ ನಾನೊಬ್ಬಳೇ. ಜುಲೈ ಶುರುವಿನಲ್ಲಿ ಒಂದು ಸಂಜೆ ಸೊಸೆ ಬಂದು ನೋಡಿದರೆ ಕಮೋಡಿನ ಪಕ್ಕ ನೆಲದ ಮೇಲೆ ನೀರು ನಿಂತಿತ್ತು. "ಪೈಪ್ ಸೋರ್ತಿರ್ಬೇಕು" ಅಂದಳು. ಮಗ ಪೈಪಿನ ಜೋಡಣೆಗೆಲ್ಲ ಒಣ ಕಾಗದ ಸುತ್ತಿಟ್ಟ. ಮಾರನೇ ಸಂಜೆ ಬಿಚ್ಚಿದ. ಕಾಗದ ಒಣಗಿದ ಹಾಗೇ ಇತ್ತು, ನೆಲ ಮಾತ್ರ ಒದ್ದೆ. "ಪೈಪ್ ಸರಿಯಾಗೇ ಇದೆ" ಅಂದ. ಅಂದವನು ನನ್ನ ಮುಖ ನೋಡಲಿಲ್ಲ. ಅವತ್ತಿನಿಂದ ಆ ನೀರಿನ ಮಾತು ಈ ಮನೆಯಲ್ಲಿ ಯಾರೂ ಎತ್ತಿಲ್ಲ.

ನನಗೆ ಕೆಮ್ಮಿದರೆ, ಸೀನಿದರೆ ಒಂದು ಹನಿ ಜಾರುವುದು ಕೆಲವು ವರ್ಷಗಳಿಂದ ಇದ್ದದ್ದೇ. ಕೂರುವಾಗ ಕಾಲು ಬಗ್ಗುವುದಿಲ್ಲ, ಎಲ್ಲೋ ಆಚೀಚೆ ಆಗುತ್ತಿರಬೇಕು, ನನಗೇ ತಿಳಿಯುತ್ತಿಲ್ಲ ಅಂದುಕೊಂಡೆ. ಹೋಗಿ ಬಂದಾಗಲೆಲ್ಲ ಬಟ್ಟೆ ತಗೊಂಡು ಒರೆಸುತ್ತೇನೆ. ಮತ್ತೆ ನೋಡಿದರೆ ಮತ್ತೆ ಒದ್ದೆ. ನೀರು ಕುಡಿಯುವುದು ಕಮ್ಮಿ ಮಾಡಿದೆ. ಆದರೂ ನಿಲ್ಲಲಿಲ್ಲ. ಸೊಸೆ ಅಷ್ಟು ಆಸೆಪಟ್ಟು ಹಾಕಿಸಿದ ನೆಲಹಾಸು ಆ ಜಾಗದಲ್ಲಿ ಉಬ್ಬಿಕೊಂಡಿದೆ.

ಒಂದು ದಿನ ಅಡುಗೆಮನೆಯಲ್ಲಿ ಇಬ್ಬರೂ ಮಾತಾಡುತ್ತಿದ್ದರು.

"ಡಾಕ್ಟರ್ ಹತ್ರ ಕರ್ಕೊಂಡು ಹೋಗೋಣ್ವಾ?" ಅಂದ ಮಗ.

"ಹೋಗ್ಬೇಕು. ಆದ್ರೆ ಹೇಗೆ ಹೇಳೋದು? ನೀವು ಹೇಳಿ, ನಿಮ್ಮಮ್ಮ."

"ನಾನು ಗಂಡಸು, ಹೇಗೆ ಹೇಳ್ಲಿ ಅದನ್ನ? ನೀನೇ ಹೇಳು."

"ನಾನು ಹೇಳಿದ್ರೆ ಸೊಸೆ ಹೀಗಂದ್ಲು ಅಂತ ನೊಂದ್ಕೋತಾರೆ. ಬೇಡ, ಸುಮ್ನಿರಿ."

ಅಷ್ಟೇ. ಬೈದಿದ್ದರೆ ನಾನೂ ಬೈಯುತ್ತಿದ್ದೆ, ಜಗಳವಾಗಿ ಮುಗಿದುಹೋಗುತ್ತಿತ್ತು. ಮರುದಿನ ಹಾಸಿಗೆ ಸರಿಮಾಡಲು ಹೋದರೆ ಹೊದಿಕೆಯ ಕೆಳಗೆ ರಬ್ಬರ್ ಹಾಳೆ ಹಾಸಿತ್ತು. ಮಗುವಿಗೆ ಹಾಸುತ್ತಾರಲ್ಲ, ಅಂಥದ್ದು. ನಾನು ಹೊದಿಕೆಯನ್ನು ಹಾಗೇ ಮುಚ್ಚಿಟ್ಟೆ. ನನಗೆ ಗೊತ್ತಾಗಿಲ್ಲ ಅಂತ ಅವಳು ಅಂದುಕೊಂಡಿದ್ದಾಳೆ. ಅವಳು ಹಾಗೆ ಅಂದುಕೊಂಡಿರಲಿ ಅಂತ ನಾನು ಸುಮ್ಮನಿದ್ದೇನೆ. ಮಗ್ಗುಲಾದರೆ ಅದು ಪರಪರ ಅನ್ನುತ್ತದೆ.

ಈಗ ಹೇಳು ಅಕ್ಕ, ರೈಲಿನ ಸೀಟಿನಲ್ಲಿ ಹೇಗೆ ಕೂರಲಿ? ನಿನ್ನ ಆಸ್ಪತ್ರೆಯ ಬೆಂಚಿನ ಮೇಲೆ ನೀರು ಕಂಡು ನರ್ಸು "ಯಾರಿದು?" ಅಂತ ಕೇಳಿದರೆ? ನೀನು ಬಿಸಿಲಿಗೆ ಹಾಕಿದ ಹಾಸಿಗೆಯ ಮೇಲೆ ಹೇಗೆ ಮಲಗಲಿ? ನಿನ್ನ ಕಿವಿಯಾಗು ಅಂತ ಕರೆದೆ. ನಾನು ನಿನಗೆ ಇನ್ನೊಬ್ಬ ರೋಗಿಯಾಗಿ ಬರಬೇಕಾ?

ನಿನ್ನ
ಗುಂಡಿ


ಆಗಸ್ಟ್ ೧೭

ಹುಚ್ಚೀ,

ಇದಕ್ಕಾ ನೀನು ನನ್ನನ್ನು ಇಷ್ಟು ದಿನ ಅಳಿಸಿದ್ದು? ನಾನು ಏನೇನೋ ಕಲ್ಪಿಸಿಕೊಂಡಿದ್ದೆ. ನಿನ್ನ ಮಗ ನಿನ್ನನ್ನು ಎಲ್ಲಿಗೋ ಸೇರಿಸಿಬಿಟ್ಟ ಅಂತಲೂ ಅನ್ನಿಸಿಬಿಟ್ಟಿತ್ತು.

ಮೊದಲು ಕೇಳು. ಅದು ನಿನ್ನದೇ ಆಗಿದ್ದರೂ ಬಾ. ನನ್ನ ಮನೆಯಲ್ಲಿ ಸೋಪಿದೆ, ನೀರಿದೆ, ಬಟ್ಟೆ ಒಣಹಾಕಲು ತಂತಿಯಿದೆ. ನಿನ್ನನ್ನು ಸೊಂಟದ ಮೇಲೆ ಹೊತ್ತು ತಿರುಗಿದವಳು ನಾನು. ಆಗ ನೀನು ನನ್ನ ಅಂಗಿಗೆ ಏನೇನು ಮಾಡಿದ್ದೀಯ ಅಂತ ಲೆಕ್ಕ ಇಟ್ಟಿಲ್ಲ.

ಇನ್ನೊಂದು ಮಾತು. ನೀನು ಎರಡು ಪುಟ ಬರೆದಿದ್ದೀಯ. ನೆಲ ಒದ್ದೆ, ನೆಲ ಒದ್ದೆ ಅಂತಲೇ ಇದೆ. ನಿನ್ನ ಬಟ್ಟೆ ಒದ್ದೆಯಾಯಿತು ಅಂತ ಒಂದು ಕಡೆಯೂ ಇಲ್ಲ. ಹಾಸಿಗೆ ಒದ್ದೆಯಾಯಿತು ಅಂತಲೂ ಇಲ್ಲ. ಬಟ್ಟೆಗೆ ತಾಗದೆ ನೆಲಕ್ಕೆ ಹೋಗುವ ವಿದ್ಯೆ ನಿನಗೆ ಯಾವಾಗ ಬಂತು? ವಾಸನೆ ಇತ್ತಾ? ಮೂಗು ಅಷ್ಟುದ್ದ ಇಟ್ಟುಕೊಂಡು ಅದನ್ನೂ ನೋಡಲಿಲ್ಲವಾ?

ನಮ್ಮಲ್ಲಿ ಲೈನು ಕೆಟ್ಟಿದೆ ಅಂತ ಯಾರಾದರೂ ಕಂಪ್ಲೇಂಟ್ ಕೊಟ್ಟರೆ ಕೂಡಲೇ ರಸ್ತೆ ಅಗೆಯುತ್ತಿರಲಿಲ್ಲ. ಒಂದು ತುದಿಯ ತಂತಿ ಕಿತ್ತು ನೋಡುತ್ತಿದ್ದೆವು. ಕಿತ್ತ ಮೇಲೂ ಗೊರಗೊರ ಅಂತಿದ್ದರೆ ದೋಷ ಆ ತುದಿಯದಲ್ಲ ಅಂತ ಅರ್ಥ. ನೀನು ಒಂದು ದಿನ ಆ ಬಚ್ಚಲಿಗೆ ಕಾಲಿಡಬೇಡ. ಪಕ್ಕದ ಮನೆಯವರನ್ನು ಕೇಳಿ ಅಲ್ಲಿಗೆ ಹೋಗು. ಸಂಜೆ ಆ ನೆಲ ಹೇಗಿದೆ ನೋಡು. ಸೊಸೆಗೆ ಹೇಳಿಯೇ ಮಾಡು. ಅವಳು ಕೆಟ್ಟವಳಲ್ಲ, ನಿನ್ನ ಹಾಗೇ ಬಾಯಿ ಕಟ್ಟಿದವಳು.

ನನಗೆ ಮೊನ್ನೆ ಮತ್ತೆ ಕೈ ಹೋಗಿತ್ತು. ನಾಲಿಗೆಯೂ ತೊಡರಿತು. ಕನ್ನಡಕದವಳಿಗೆ "ಹಾಲು ತಾ" ಅನ್ನಲು ಹೋಗಿ ಏನೋ ಅಂದೆನಂತೆ. ಅವಳು ಬಿದ್ದು ಬಿದ್ದು ನಕ್ಕಳು, ಆಮೇಲೆ ಅತ್ತಳು. ಸೆಪ್ಟೆಂಬರ್ ಮೊದಲ ವಾರಕ್ಕೆ ಮತ್ತೆ ದಿನ ಬರೆಸಿದ್ದೇನೆ. ಈ ಸಲ ಮುಂದಕ್ಕೆ ಹಾಕುವುದಿಲ್ಲ.

ರಬ್ಬರ್ ಹಾಳೆ ಬೇಕಾದರೆ ಸುತ್ತಿಕೊಂಡು ಬಾ. ಬರದೆ ಮಾತ್ರ ಇರಬೇಡ.

ಅಕ್ಕ


ಆಗಸ್ಟ್ ೨೮

ಅಕ್ಕಾ, ಅಕ್ಕಾ,

ಟ್ಯಾಂಕು ಕಣೇ! ಬೆವರುತ್ತಿರುವುದು ಕಮೋಡಿನ ಫ್ಲಷ್ ಟ್ಯಾಂಕು!

ನಿನ್ನ ಕಾಗದ ಬಂದ ಸಂಜೆ ಸೊಸೆಯನ್ನು ಕೂರಿಸಿಕೊಂಡೆ. "ನೋಡಮ್ಮ, ಬಚ್ಚಲಲ್ಲಿ ನೀರು ನಿಲ್ಲುತ್ತಲ್ಲ, ಅದು ನನ್ನಿಂದ ಅಂತ ನೀನೂ ಅಂದ್ಕೊಂಡಿದ್ದೀಯ, ನಾನೂ ಅಂದ್ಕೊಂಡಿದ್ದೀನಿ" ಅಂದೆ. ನೀನು ಬರೆದದ್ದನ್ನು ಹೇಳಿದೆ. ಮರುದಿನ ಕ್ಲಿನಿಕ್ಕಿಗೆ ಹೋಗುವ ಮುಂಚೆ ನೆಲವನ್ನು ತಾನೇ ಒಣಗಿಸಿ, ಬಾಗಿಲೆಳೆದು, ಪಕ್ಕದ ಮನೆಯವರಿಗೆ "ನಮ್ಮ ಬಚ್ಚಲು ಕೆಟ್ಟಿದೆ" ಅಂತ ಸುಳ್ಳು ಹೇಳಿ ಹೋದಳು. ಇಡೀ ದಿನ ನಾನು ಅಲ್ಲಿಗೆ ಕಾಲಿಡಲಿಲ್ಲ.

ಸಂಜೆ ಇಬ್ಬರೂ ಹೋಗಿ ಬಾಗಿಲು ತೆಗೆದೆವು. ಕಮೋಡಿನ ಪಕ್ಕ ನೀರು! ಎಂದಿನ ಜಾಗ, ಎಂದಿನಷ್ಟೇ ನೀರು. ಸೊಸೆ ಮಂಡಿಯೂರಿ ಕೂತು ಟ್ಯಾಂಕಿನ ಹಿಂದೆ, ಗೋಡೆಯ ಸಂದಿಗೆ ಕೈ ಹಾಕಿದಳು. ಈಚೆ ತೆಗೆದಾಗ ಕೈ ತೊಟ್ಟಿಕ್ಕುತ್ತಿತ್ತು. "ಅತ್ತೆ, ಮುಟ್ಟಿ ನೋಡಿ" ಅಂದಳು. ಟ್ಯಾಂಕು ಮಂಜುಗಡ್ಡೆಯ ಹಾಗೆ ತಣ್ಣಗಿತ್ತು, ಮೈಯೆಲ್ಲ ಹನಿ. ಮುಂದಿನಿಂದ ನೋಡಿದರೆ ಸ್ವಲ್ಪ ಮಬ್ಬು ಅನ್ನಿಸುತ್ತದೆ ಅಷ್ಟೆ. ಸ್ನಾನವಾದ ಮೇಲೆ ಆ ಕೋಣೆಯಲ್ಲಿ ಕನ್ನಡಿ, ಗೋಡೆ ಎಲ್ಲವೂ ಮಬ್ಬೇ ತಾನೇ, ಯಾರೂ ಗಮನಿಸಿರಲಿಲ್ಲ. ಹಿಂದಿನಿಂದ ಹನಿ ಇಳಿದು ಇಳಿದು ನೆಲಕ್ಕೆ ಸೇರುತ್ತಿತ್ತು.

ಸೊಸೆ ಅಲ್ಲೇ ಕೂತು ಅತ್ತಳು. ನಾನು ಅಳಲಿಲ್ಲ. ನಗು ಬಂತು.

ನಲ್ಲಿ ರಿಪೇರಿಯವನು ಬಂದು ಮೊದಲು "ಟ್ಯಾಂಕ್ ಬಿರುಕು ಬಿಟ್ಟಿದೆ, ಹೊಸದು ಹಾಕ್ಸಿ" ಅಂದ. ಒರೆಸಿ ನೋಡಿದರೆ ಬಿರುಕೂ ಇಲ್ಲ ಏನೂ ಇಲ್ಲ. ಆಮೇಲೆ ಮುಚ್ಚಳ ತೆಗೆದು ತಲೆ ಕೆರೆದುಕೊಂಡ. ಒಳಗಿನ ರಬ್ಬರ್ ಬಿಲ್ಲೆ ಸವೆದು, ನೀರು ಸದ್ದಿಲ್ಲದೆ ಕಮೋಡಿಗೆ ಜಿನುಗುತ್ತಿತ್ತಂತೆ. ಅದು ಜಿನುಗಿದಷ್ಟೂ ನೆಲದಡಿಯ ತೊಟ್ಟಿಯಿಂದ ತಣ್ಣೀರು ಬಂದು ತುಂಬುತ್ತಿತ್ತು, ಟ್ಯಾಂಕು ತಣ್ಣಗೇ ಇರುತ್ತಿತ್ತು. ಕೋಣೆಗೆ ಕಿಟಕಿಯಿಲ್ಲ, ಗಾಳಿ ಎಳೆಯುವ ಫ್ಯಾನು ನಾವು ಬಂದಾಗಿನಿಂದ ತಿರುಗಿಯೇ ಇಲ್ಲ. ಇವರಿಬ್ಬರ ಬಿಸಿನೀರಿನ ಹಬೆಯೆಲ್ಲ ಹೋಗಿ ಆ ತಣ್ಣನೆಯ ಮೈಮೇಲೆ ಕೂರುತ್ತಿತ್ತು. ಈಗ ಬಿಲ್ಲೆ ಬದಲಾಗಿದೆ. ಫ್ಯಾನನ್ನು ಮಗ ಬಿಚ್ಚಿಟ್ಟುಕೊಂಡು ಕೂತಿದ್ದಾನೆ.

ನಾನು ಸುಮ್ಮನಿರುತ್ತೀನಾ? ಟೇಪು ತಗೊಂಡು ಟ್ಯಾಂಕಿನ ಅಳತೆ ತೆಗೆದು ಅದಕ್ಕೊಂದು ಕೋಟು ಹೊಲಿದೆ. ಭುಜವಿಲ್ಲ, ಕತ್ತಿಲ್ಲ, ಸೊಂಟವೂ ಎದೆಯೂ ಒಂದೇ ಅಳತೆ. ಇಷ್ಟು ವರ್ಷದಲ್ಲಿ ಇಷ್ಟು ಸುಲಭದ ಗಿರಾಕಿಯನ್ನು ನಾನು ಕಂಡಿಲ್ಲ. ತೊಡಿಸಿದ ಮಾರನೇ ದಿನ ಕೋಟು ನೆನೆದು ತೊಪ್ಪೆಯಾಗಿತ್ತು! ಹೊರಗಿನಿಂದ ಹೊದಿಸಿದರೆ ಪ್ರಯೋಜನವಿಲ್ಲವಂತೆ. ಟ್ಯಾಂಕು ಖಾಲಿ ಮಾಡಿ, ಒಣಗಿಸಿ, ಒಳಗಡೆ ಗೋಡೆಗೆ ಫೋಮ್ ಹಾಳೆ ಅಂಟಿಸಬೇಕಂತೆ, ಆಗ ತಣ್ಣೀರು ಹೊರಮೈಗೆ ತಾಗುವುದಿಲ್ಲ. ಸೊಸೆ ಹಾಳೆ ತಂದಿದ್ದಾಳೆ, ಕತ್ತರಿಸಿಕೊಡುವ ಕೆಲಸ ನನ್ನದು.

ಇವತ್ತು ಹೊಟ್ಟೆ ತುಂಬ ನೀರು ಕುಡಿದೆ.

ಸೆಪ್ಟೆಂಬರ್ ನಾಲ್ಕರ ರೈಲಿಗೆ ಟಿಕೆಟ್ ತೆಗೆದಾಗಿದೆ. ಐದಕ್ಕೆ ನಿನ್ನ ಬಾಗಿಲಲ್ಲಿರುತ್ತೇನೆ. ಬಾಗಿಲು ಬಡಿದರೆ ನಿನಗೆ ಕೇಳಿಸುವುದಿಲ್ಲ, ಕನ್ನಡಕದವಳಿಗೆ ಹೇಳಿಟ್ಟಿರು. ನಿನಗೆ ಆ ಕೋಟಿನ ಕಥೆ ಎದುರಿಗೆ ಕೂತು ಹೇಳಬೇಕು, ಕಾಗದದಲ್ಲಿ ಅರ್ಧವೂ ಬರಲಿಲ್ಲ.

ನಿನ್ನ
ಗುಂಡಿ


ಸೆಪ್ಟೆಂಬರ್ ೯

ಸೊಸೆಗೆ ಆಶೀರ್ವಾದ.

ಫೋನಿನಲ್ಲಿ ನೀವಿಬ್ಬರೂ ಕೇಳಿದಾಗ "ಇದ್ದಾಳೆ, ನೋಡ್ಕೋತಿದ್ದೀನಿ" ಅಂದೆ. ಅದಕ್ಕಿಂತ ಹೆಚ್ಚು ಬಾಯಲ್ಲಿ ಹೇಳಲು ಆಗಲಿಲ್ಲ. ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ.

ಮೂವತ್ತನೇ ತಾರೀಖು ಬೆಳಿಗ್ಗೆ ಅಕ್ಕ ಹಾಲಿಗೆ ಕೆಳಗೆ ಬರಲಿಲ್ಲವೆಂದು ಕನ್ನಡಕದವಳು ಮೇಲೆ ಹೋಗಿದ್ದಾಳೆ. ಅಕ್ಕ ಒಳಕೋಣೆಯಲ್ಲಿ, ನನಗೆಂದು ಖಾಲಿ ಮಾಡಿಸಿದ ಮಂಚದ ಪಕ್ಕ ಬಿದ್ದಿದ್ದಳಂತೆ. ಕೈಯಲ್ಲಿ ದಿಂಬಿನ ಕವರು. ಬಲಗಡೆ ಪೂರ್ತಿ ಹೋಗಿದೆ. ಮಾತು ಹೋಗಿದೆ. ಕಣ್ಣು ತೆರೆದಿರುತ್ತಾಳೆ, ನನ್ನನ್ನು ನೋಡುತ್ತಾಳೆ. ಗುರುತು ಸಿಕ್ಕಿತೋ ಇಲ್ಲವೋ ನನಗೂ ಗೊತ್ತಿಲ್ಲ, ಡಾಕ್ಟರಿಗೂ ಗೊತ್ತಿಲ್ಲ. ನಾನು ಬಂದ ದಿನ ಎಡಗೈಯಿಂದ ನನ್ನ ಮೂಗು ಮುಟ್ಟಿದಳು. ಅಷ್ಟೇ.

ಬಟ್ಟೆ ತರಲು ಅವಳ ಮನೆಗೆ ಹೋಗಿದ್ದೆ. ಮೆಟ್ಟಿಲಲ್ಲಿ ಅಂಚೆಯವನು ಸಿಕ್ಕ. "ಅಮ್ಮಾವ್ರಿಗೆ ಕಾಗದ" ಅಂತ ನನ್ನ ಕೈಗೆ ಕೊಟ್ಟ. ನೋಡಿದರೆ ನನ್ನದೇ ಅಕ್ಷರ. ಟ್ಯಾಂಕಿನ ಕಥೆಯೆಲ್ಲ ಬರೆದಿದ್ದೆನಲ್ಲ, ಅದು. ದಾರಿಯಲ್ಲಿ ಎಲ್ಲೋ ತಡವಾಗಿದೆ.

ನಾನು ಸದ್ಯಕ್ಕೆ ಬರುವುದಿಲ್ಲ ಅಂತ ಮಗನಿಗೆ ಹೇಳು. ನನ್ನ ಮಂಚದ ಹೊದಿಕೆ ಕೆಳಗೆ ನೀನು ಹಾಸಿದ ರಬ್ಬರ್ ಹಾಳೆ ಇದೆಯಲ್ಲ, ಅದನ್ನು ತೊಳೆದು ಇಲ್ಲಿಗೆ ಕಳಿಸು. ಅಕ್ಕನಿಗೆ ಬೇಕು.

ನಿನ್ನ ಅತ್ತೆ


ಅಕ್ಟೋಬರ್ ೨

ಅತ್ತೆಯವರಿಗೆ ನಮಸ್ಕಾರಗಳು.

ನೀವು ಕಾಗದ ಬರೆದಿರಿ ಎಂದು ನಾನೂ ಕಾಗದವನ್ನೇ ಬರೆಯುತ್ತಿದ್ದೇನೆ. ರಬ್ಬರ್ ಹಾಳೆ ಹೋದ ವಾರವೇ ಪಾರ್ಸೆಲ್ ಮಾಡಿದ್ದೇನೆ, ಜೊತೆಗೆ ಎರಡು ಹತ್ತಿಯ ಹೊದಿಕೆ. ನೀವು ಅದನ್ನು ನೋಡಿಲ್ಲವೆಂದೇ ನಾನು ತಿಳಿದಿದ್ದೆ.

ಹೇಳಿದರೆ ನೊಂದುಕೊಳ್ಳುತ್ತೀರಿ ಎಂದು ಹೇಳಲಿಲ್ಲ. ಕ್ಲಿನಿಕ್ಕಿನಲ್ಲಿ ದಿನವೂ ಗೊತ್ತಿಲ್ಲದವರ ಬಾಯಿ ತೆರೆಸಿ, ನೋವು ಎಲ್ಲಿದೆ ಎಂದು ಕೇಳುವವಳು ನಾನು. ಮನೆಯಲ್ಲಿ ನಿಮ್ಮನ್ನು ಕೇಳಲಾಗಲಿಲ್ಲ. ಕೇಳಿದ್ದರೆ ನೀವು ಜುಲೈನಲ್ಲೇ ದೊಡ್ಡತ್ತೆಯ ಹತ್ತಿರ ಇರುತ್ತಿದ್ದಿರಿ. ಇವರಿಗೂ ಅದೇ ಕೊರಗು. ಫೋನಿನಲ್ಲಿ ನಿಮ್ಮ ಜೊತೆ ಮಾತಾಡಿ ಇಟ್ಟ ಮೇಲೆ ಫ್ಯಾನು ಸರಿಮಾಡುವ ನೆಪ ಮಾಡಿಕೊಂಡು ಬಚ್ಚಲಿನಲ್ಲಿ ಕೂರುತ್ತಾರೆ.

ಫ್ಯಾನು ಈಗ ತಿರುಗುತ್ತದೆ. ದೀಪ ಹಾಕಿದರೆ ತಾನೇ ಶುರುವಾಗುವ ಹಾಗೆ ಮಾಡಿದ್ದಾರೆ. ಮೊದಲ ಸಲ ಅಂಟಿಸಿದ ಫೋಮ್ ಹಾಳೆ ಬಿಟ್ಟುಕೊಂಡು ತೇಲಿತು. ಟ್ಯಾಂಕನ್ನು ಎರಡು ದಿನ ಪೂರ್ತಿ ಒಣಗಿಸಿ, ನೀರಿಗೆ ಬಿಡದ ಅಂಟು ಹಾಕಿ ಮತ್ತೆ ಅಂಟಿಸಿದೆವು. ಸ್ನಾನವಾದ ಮೇಲೆ ಬಾಗಿಲು ತೆರೆದೇ ಇಡುತ್ತೇವೆ. ನೆಲ ಒಣಗಿದೆ. ಉಬ್ಬಿದ ಜಾಗ ಹಾಗೇ ಇದೆ. ಬದಲಾಯಿಸೋಣವೆಂದು ಇವರು ಅಂದರು, ನಾನು ಬೇಡವೆಂದೆ.

ನಿಮ್ಮ ಕೋಣೆಯನ್ನು ಹಾಗೇ ಇಟ್ಟಿದ್ದೇನೆ. ದೊಡ್ಡತ್ತೆಯನ್ನೂ ಇಲ್ಲಿಗೇ ಕರೆದುಕೊಂಡು ಬರಬಹುದಲ್ಲವೇ?

ನಿಮ್ಮ ಸೊಸೆ


ನವೆಂಬರ್ ೧೪

ಸೊಸೆಗೆ ಆಶೀರ್ವಾದ.

ಪಾರ್ಸೆಲ್ ಬಂದು ಬಹಳ ದಿನವಾಯಿತು. ತಿಳಿಸಲು ಪುರುಸೊತ್ತಾಗಲಿಲ್ಲ. ಅಕ್ಕನನ್ನು ಆಸ್ಪತ್ರೆಯಿಂದ ಅವಳ ಮನೆಗೇ ಕರೆತಂದಿದ್ದೇವೆ. ಅವಳನ್ನು ಮೆಟ್ಟಿಲು ಹತ್ತಿಸುವಾಗ ಪಟ್ಟ ಪಾಡು ನೋಡಿದರೆ ಇನ್ನು ಇಳಿಸುವುದು ಆಗದ ಮಾತು. ಅಲ್ಲಿಗೆ ಕರೆದೆಯಲ್ಲ, ಅದೇ ಸಾಕು. ನಾನು ಇಲ್ಲೇ ಇರುತ್ತೇನೆ. ಹೊಲಿಗೆ ಯಂತ್ರವನ್ನು ಮಗ ಯಾವಾಗಲಾದರೂ ಬರುವಾಗ ತರಲಿ. ಕೋಣೆಯನ್ನು ಖಾಲಿ ಬಿಡಬೇಡ, ನಿನ್ನ ಇಸ್ತ್ರಿ ಮೇಜು ಅಲ್ಲಿ ಹಾಕಿಕೋ.

ನೀನು ಮನಸ್ಸಿಗೆ ಹಚ್ಚಿಕೊಳ್ಳಬೇಡ. ನೀನು ಕೇಳಲಿಲ್ಲ, ನಾನು ಹೇಳಲಿಲ್ಲ, ಅಕ್ಕ ಕನ್ನಡಕದವಳನ್ನು ಜೊತೆಗಿರಲು ಬಿಡಲಿಲ್ಲ. ಎಲ್ಲರೂ ಎಲ್ಲರಿಗೂ 'ಪಾಪ' ಅಂದುಕೊಂಡು ಸುಮ್ಮನಿದ್ದೆವು.

ಈಗ ಡಾಕ್ಟರು ಹೇಳುವುದನ್ನೆಲ್ಲ ನಾನೇ ಕೇಳಿಸಿಕೊಳ್ಳುತ್ತೇನೆ. ಅವಳಿಗೆ ತಿಳಿಸುವುದು ಹೇಗೆ? ಕಿವಿಗೆ ಹೋಗುವುದಿಲ್ಲ, ಬರೆದು ತೋರಿಸಿದರೆ ಕಾಗದವನ್ನು ತಲೆಕೆಳಗಾಗಿ ಹಿಡಿಯುತ್ತಾಳೆ. ಒಂದು ದಿನ ಅವರನ್ನು ಕೇಳಿಯೇಬಿಟ್ಟೆ, "ಜುಲೈನಲ್ಲೇ ಆಪರೇಷನ್ ಆಗಿದ್ರೆ ಹೀಗಾಗ್ತಿರಲಿಲ್ವಾ?" ಅಂತ. ಅವರು ನನ್ನ ಮುಖ ನೋಡಿ, "ಅದೆಲ್ಲ ಹೇಳಕ್ಕಾಗಲ್ಲ ಅಮ್ಮ" ಅಂದರು. ಒಳ್ಳೆಯ ಮನುಷ್ಯ. ಹೇಳಕ್ಕಾಗುತ್ತಿತ್ತು.

ಮೊದಮೊದಲು ಅಕ್ಕ ಹಾಸಿಗೆ ಒದ್ದೆಯಾದರೆ ಎಡಗೈಯನ್ನು ಅದರ ಮೇಲಿಟ್ಟುಕೊಂಡು ಗೋಡೆ ಕಡೆ ತಿರುಗಿ ಮಲಗುತ್ತಿದ್ದಳು. ನಾನು ಕೈ ಎತ್ತಿ ಪಕ್ಕಕ್ಕಿಟ್ಟು, ಬಟ್ಟೆ ಬದಲಾಯಿಸಿ, ಮತ್ತೆ ಆ ಕೈಯನ್ನು ಒಣ ಜಾಗದಲ್ಲಿ ಇಡುತ್ತಿದ್ದೆ. ಈಗೀಗ ಮುಚ್ಚುವುದಿಲ್ಲ. ನನಗೆ ಇದು ಏನೂ ಕಷ್ಟವಲ್ಲ. ಎಷ್ಟು ಸುಲಭ ಅಂದರೆ, ಇದಕ್ಕಾ ನಾನು ಅಷ್ಟು ದಿನ ಬರದೆ ಕೂತದ್ದು ಅನ್ನಿಸುತ್ತದೆ.

ನಿನ್ನೆ ಮಧ್ಯಾಹ್ನ ಬಿಸಿಲು ಚೆನ್ನಾಗಿತ್ತು. ಅವಳನ್ನು ದಿಂಬಿಗೆ ಒರಗಿಸಿ ಕಿಟಕಿಯ ಹತ್ತಿರ ಕೂರಿಸಿದ್ದೆ. ಏನನ್ನಿಸಿತೋ, ಎದುರಿಗೆ ಕುರ್ಚಿ ಹಾಕಿಕೊಂಡು ಟ್ಯಾಂಕಿನ ಕಥೆ ಶುರು ಮಾಡಿದೆ. ಕೇಳಿಸುವುದಿಲ್ಲ ಅಂತ ಗೊತ್ತು. ಆದರೂ ಗಟ್ಟಿಯಾಗಿ ಹೇಳಿದೆ. ನೀನು ಮಂಡಿಯೂರಿ ಸಂದಿಗೆ ಕೈ ಹಾಕಿದ್ದು, ರಿಪೇರಿಯವನು ತಲೆ ಕೆರೆದುಕೊಂಡಿದ್ದು, ಎಲ್ಲ ಮಾಡಿ ತೋರಿಸಿದೆ. ಹಣೆಯ ಬೆವರು ಒರೆಸಿಕೊಳ್ಳುವ ಹಾಗೆ ಮಾಡಿದೆ. ಟೇಪು ಹಿಡಿದು ಟ್ಯಾಂಕಿನ ಸೊಂಟದ ಅಳತೆ ತೆಗೆದದ್ದನ್ನು ಮಾಡಿ ತೋರಿಸುವಾಗ ನನಗೇ ನಗು ತಡೆಯಲಾಗಲಿಲ್ಲ. ಹೊಟ್ಟೆ ಹಿಡಿದುಕೊಂಡು ನಕ್ಕೆ. ಅಕ್ಕ ನನ್ನನ್ನೇ ನೋಡುತ್ತಿದ್ದಳು. ಅವಳ ಬಾಯಿಯ ಎಡಗಡೆ ಮೆಲ್ಲಗೆ ಮೇಲಕ್ಕೆ ಹೋಯಿತು. ಆಮೇಲೆ ಭುಜ ಅಲುಗಿತು. ನಕ್ಕಳು ಕಣೇ. ಸದ್ದು ಬಂತು, ಅವಳದೇ ಹಳೆಯ ನಗು.

ಎಷ್ಟು ಅರ್ಥವಾಯಿತೋ ತಿಳಿಯದು. ನಾನು ನಗುತ್ತಿದ್ದೆ, ಅದಕ್ಕೆ ನಕ್ಕಳು ಅಂತ ಕಾಣುತ್ತದೆ. ನನಗೆ ನಗು ಎಲ್ಲಿ ಮುಗಿದು ಅಳು ಎಲ್ಲಿ ಹಿಡಿಯಿತೋ ಗೊತ್ತಾಗಲಿಲ್ಲ. ಮುಖ ಮುಚ್ಚಿಕೊಂಡು ಕೂತುಬಿಟ್ಟೆ. ಕೈ ತೆಗೆದು ನೋಡಿದಾಗ ಅವಳು ಇನ್ನೂ ನಗುತ್ತಲೇ ಇದ್ದಳು.

ನಿನ್ನ ಅತ್ತೆ